ಕಂಬರ್‌ಲ್ಯಾಂಡ್ ಕಾಡಿನಲ್ಲಿ ಮೂರು ದಿನ: ಕಿಲೋಮೀಟರ್ ಬಿಟ್ಟು ಗಂಟೆ ಎಣಿಸಿದ ಪ್ರವಾಸ

ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರ್ ದ್ವೀಪಕ್ಕೆ ಮೌಂಟನ್ ಬೈಕ್ ಸವಾರಿಗೆಂದು ನಾನು ಎರಡು ಸಲ ಹೋಗಿಬಂದಿದ್ದೇನೆ. ಮೊದಲ ಸಲ ನಕ್ಷೆ ಹರಡಿಕೊಂಡು, ಕಿಲೋಮೀಟರುಗಳನ್ನು ಕೂಡಿಸಿ ಕಳೆದು ಯೋಜನೆ ಹಾಕಿದ್ದೆ. ಅದು ಎರಡನೆಯ ದಿನಕ್ಕೇ ಮುರಿದುಬಿತ್ತು. ಎರಡನೆಯ ಸಲ ಗಂಟೆಗಳನ್ನು ಎಣಿಸಿದೆ. ಇಲ್ಲಿ ಬರೆಯುತ್ತಿರುವುದು ಬಹುಪಾಲು ಆ ಎರಡನೆಯ ಪ್ರವಾಸದ ಸಿದ್ಧತೆಯನ್ನು ಕುರಿತು. (ವ್ಯಾಂಕೂವರ್ ನಗರ ಈ ದ್ವೀಪದ ಮೇಲಿಲ್ಲ, ಎದುರಿನ ಮುಖ್ಯಭೂಮಿಯಲ್ಲಿದೆ ಎಂಬುದನ್ನು ಊರಿನಿಂದ ಬರುವ ನೆಂಟರಿಗೆ ಪ್ರತಿ ಸಲವೂ ಹೇಳಬೇಕಾಗುತ್ತದೆ.) ಹೊರಟವರು ಮೂವರು: ನಾನು, ನನ್ನ ಹೆಂಡತಿ ಮತ್ತು ಬೆಂಗಳೂರಿನಿಂದ ರಜೆಗೆ ಬಂದಿದ್ದ ಅವಳ ತಮ್ಮ.

ಸುಮಾರು 450 ಕಿಲೋಮೀಟರ್ ಉದ್ದದ ಈ ದ್ವೀಪದಲ್ಲಿ ಸವಾರಿಗೆ ಜಾಗಗಳು ಹಲವಾರು ಇವೆ. ಆದರೂ ಎರಡು ಸಲವೂ ಕಂಬರ್‌ಲ್ಯಾಂಡ್ ಎಂಬ ಸಣ್ಣ ಊರನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸರಳವಾಗಿದೆ: ಅಲ್ಲಿ ಊರಿನ ಬೀದಿ ಮುಗಿಯುವ ಕಡೆಯಲ್ಲೇ ಕಾಡು ಆರಂಭವಾಗುತ್ತದೆ. ಉಳಿದುಕೊಂಡ ಮನೆಯ ಬಾಗಿಲಿನಿಂದ ಸೈಕಲ್ ಹತ್ತಿದರೆ ಹತ್ತು ನಿಮಿಷದಲ್ಲಿ ಸೀಡರ್ ಮತ್ತು ಡಗ್ಲಸ್ ಫರ್ ಮರಗಳ ನೆರಳಿನಲ್ಲಿರಬಹುದು, ಕಾರನ್ನು ಮುಟ್ಟಬೇಕಾಗಿಲ್ಲ. 1888ರಲ್ಲಿ ಕಲ್ಲಿದ್ದಲು ಗಣಿಗಾಗಿ ಹುಟ್ಟಿದ ಈ ಊರಿನಲ್ಲಿ ಒಂದು ಕಾಲಕ್ಕೆ ಚೀನೀ ಮತ್ತು ಜಪಾನೀ ಕಾರ್ಮಿಕರ ದೊಡ್ಡ ಕೇರಿಗಳೇ ಇದ್ದವು. ಗಣಿಗಳು ಮುಚ್ಚಿ ದಶಕಗಳಾಗಿವೆ. ಮರ ಕಡಿಯುವ ಕಂಪನಿಗಳ ಕೈಯಲ್ಲಿದ್ದ ಸುತ್ತಲಿನ ಕಾಡನ್ನು ತುಂಡು ತುಂಡಾಗಿ ಕೊಂಡು ಉಳಿಸಿಕೊಳ್ಳುವುದಕ್ಕೆ ಊರವರೇ 2000ದಲ್ಲಿ ಒಂದು ಸಂಘ ಕಟ್ಟಿದರು. ಹಾಗಿದ್ದರೂ ಟ್ರೇಲುಗಳಲ್ಲಿ, ಅಂದರೆ ಸೈಕಲ್ ಓಡಿಸುವ ಕಾಡುದಾರಿಗಳಲ್ಲಿ, ಬಹಳಷ್ಟು ಇಂದಿಗೂ ಖಾಸಗಿ ಅರಣ್ಯಭೂಮಿಯ ಮೇಲೆ, ಸ್ಥಳೀಯ ಸವಾರರ ಕ್ಲಬ್ಬು ಭೂಮಾಲೀಕರೊಂದಿಗೆ ಮಾಡಿಕೊಂಡ ಒಪ್ಪಂದದ ಬಲದಲ್ಲಿ ನಡೆಯುತ್ತವೆ. ಪ್ರವೇಶದ ಗೇಟಿನಲ್ಲಿ ಟಿಕೆಟ್ ಕೇಳುವವರು ಯಾರೂ ಇಲ್ಲವಾದ್ದರಿಂದ, ಕ್ಲಬ್ಬಿಗೆ ಕೊಡುವ ದೇಣಿಗೆಯನ್ನು ನಾನು ಊಟ ವಸತಿಯ ಖರ್ಚಿನ ಜೊತೆಗೇ ಬರೆದಿಟ್ಟೆ.

ಕಾಲವನ್ನು ಆರಿಸುವಾಗ ಮೊದಲ ಪ್ರವಾಸದಲ್ಲಿ ನಾನು ಎಡವಿದ್ದೆ. ಆಗಸ್ಟ್ ತಿಂಗಳ ಮೊದಲ ಸೋಮವಾರ ಇಲ್ಲಿ ಸರ್ಕಾರಿ ರಜೆ. ಮೂರು ದಿನ ಒಟ್ಟಿಗೆ ಸಿಗುತ್ತದೆಂದು ಅದನ್ನೇ ಹಿಡಿದೆ, ಪ್ರಾಂತ್ಯದ ಅರ್ಧ ಜನರೂ ಅದನ್ನೇ ಹಿಡಿದಿದ್ದರು. ಬೇಸಿಗೆಯ ಕೊನೆಯಲ್ಲಿ ಟ್ರೇಲಿನ ಮಣ್ಣು ಹಿಟ್ಟಿನಂತಾಗಿ ತಿರುವುಗಳಲ್ಲಿ ಟೈರು ಜಾರುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಾಳ್ಗಿಚ್ಚಿನ ಅಪಾಯ ಹೆಚ್ಚಿದಾಗ ಖಾಸಗಿ ಅರಣ್ಯದ ಗೇಟುಗಳನ್ನು ಇದ್ದಕ್ಕಿದ್ದಂತೆ ಮುಚ್ಚುವುದೂ ಉಂಟು. ನವೆಂಬರ್ ಬಂತೆಂದರೆ ನಮ್ಮ ಮಲೆನಾಡಿನ ಆಷಾಢದಂತೆ ದಿನಗಟ್ಟಲೆ ಮಳೆ. ಸಮಾಧಾನವೆಂದರೆ ಉಂಬಳದ ಕಾಟವಿಲ್ಲ. ಎರಡರ ನಡುವೆ, ಒಂದೆರಡು ಮಳೆ ಬಿದ್ದು ಮಣ್ಣು ಕೂತುಕೊಂಡಿರುವ ಸೆಪ್ಟೆಂಬರ್ ಕೊನೆಯ ವಾರವನ್ನು ಈ ಸಲ ಆರಿಸಿದೆ. ಆ ಹೊತ್ತಿಗೆ ಸಂಜೆ 7ರ ಆಸುಪಾಸಿನಲ್ಲಿ ಸೂರ್ಯ ಮುಳುಗುತ್ತಾನೆ, ದಟ್ಟ ಮರಗಳ ಕೆಳಗೆ ಬೇರುಗಳು ಕಾಣದಷ್ಟು ಮಬ್ಬು ಒಂದು ಗಂಟೆ ಮೊದಲೇ ಕವಿಯುತ್ತದೆ. ಹೀಗಾಗಿ ಸಂಜೆ 5ರ ನಂತರ ಹೊಸ ಇಳಿಜಾರು ಹಿಡಿಯಕೂಡದು ಎಂಬ ನಿಯಮ ಮಾಡಿಕೊಂಡೆವು.

ಫೆರಿಯ ಲೆಕ್ಕವನ್ನು ನಾನು ಎಲ್ಲಕ್ಕಿಂತ ಮೊದಲು ಹಾಕಿದೆ. ಹಾರ್ಸ್‌ಶೂ ಬೇ ಎಂಬ ಮುಖ್ಯಭೂಮಿಯ ಬಂದರಿನಿಂದ ದ್ವೀಪದ ನನೈಮೊ ಪಟ್ಟಣದ ಡಿಪಾರ್ಚರ್ ಬೇಗೆ 1 ಗಂಟೆ 40 ನಿಮಿಷದ ಪಯಣ. ಅಲ್ಲಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ 100 ಕಿಲೋಮೀಟರಿಗಿಂತ ತುಸು ಹೆಚ್ಚು. ಕಾಗದದ ಮೇಲೆ ಇದು ಮೂರು ಗಂಟೆಯ ಹಾದಿಯಾದರೂ ಮನೆಯಿಂದ ಹೊರಡುವುದು, ಬಂದರಿನಲ್ಲಿ ಸಾಲಿನಲ್ಲಿ ಕಾಯುವುದು, ಹಡಗಿನಿಂದ ಕಾರುಗಳು ಇಳಿಯುವುದು ಎಲ್ಲವನ್ನೂ ಸೇರಿಸಿದರೆ ನಮಗೆ ಆರು ಗಂಟೆ ಬೇಕಾಯಿತು. ಕಾರಿಗೆ ಹೋಗುವ ಮತ್ತು ಬರುವ ಎರಡೂ ದಿನಗಳ ಜಾಗವನ್ನು ಮೊದಲೇ ಕಾಯ್ದಿರಿಸಿದೆ. ಕಾಯ್ದಿರಿಸುವಾಗ ವಾಹನದ ಉದ್ದ, ಎತ್ತರ ಕೇಳುತ್ತಾರೆ. ಹಿಂದೆ ಸೈಕಲ್ ರ‍್ಯಾಕ್ ಕಟ್ಟಿದ ಮೇಲೆ ಟೇಪು ಹಿಡಿದು ಅಳೆದು ಆ ಅಂಕಿಯನ್ನೇ ಕೊಟ್ಟೆ. ಮೊದಲ ಸಲ ಬರುವಾಗಿನ ಜಾಗ ಕಾಯ್ದಿರಿಸದೆ, ಕಣ್ಣೆದುರೇ ಎರಡು ಹಡಗು ಹೊರಟುಹೋಗುವುದನ್ನು ನೋಡುತ್ತಾ ಕೂತಿದ್ದೆ; ತಪ್ಪು ನನ್ನದೇ.

ಭಾವಮೈದುನ ಬೆಂಗಳೂರಿನ ಅಂಚಿನ ತುರಹಳ್ಳಿ ಕಾಡಿನಲ್ಲಿ ಸೈಕಲ್ ತುಳಿದು ಪಳಗಿದವನು. ಒಣ ಬಂಡೆ, ಸಡಿಲ ಜಲ್ಲಿ ಅವನಿಗೆ ಲೆಕ್ಕಕ್ಕೇ ಇಲ್ಲ. ಹಸಿ ಬೇರು ಮಾತ್ರ ಅವನಿಗೆ ಹೊಸದು, ಈ ಕರಾವಳಿಯ ಕಾಡಿನಲ್ಲಿ ಸವಾರನನ್ನು ಕೆಡವುವುದು ಅದೇ. ಇಲ್ಲಿ ಟ್ರೇಲುಗಳನ್ನು ಕಷ್ಟದ ಮೇರೆಗೆ ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರ, ಜೋಡಿ ಕಪ್ಪು ವಜ್ರ ಎಂದು ಗುರುತಿಸುತ್ತಾರೆ. ಆದರೆ ಈ ಗುರುತು ಎಲ್ಲ ಊರಿನಲ್ಲೂ ಒಂದೇ ತೂಕದ್ದಲ್ಲ. ಈ ದ್ವೀಪದ ನೀಲಿಯನ್ನು ಬೇರೆ ಕೆಲವು ಊರುಗಳಲ್ಲಿ ಕಪ್ಪು ಎನ್ನುತ್ತಾರೆ. ಮೊದಲ ಸಂಜೆಯ ಒಂದು ತಿರುವಿನಲ್ಲಿ ಜರಿಗಿಡಗಳ ಪೊದೆಯೊಳಗಿಂದ ಎದ್ದು ಬಂದ ಅವನು ಕೇಳಿದ್ದು ಒಂದೇ ಮಾತು: “ಭಾವ, ನೀಲಿ ಅಂದ್ರೆ ಮಧ್ಯಮ ಅಂದಿದ್ರಲ್ಲ?”

ಆ ಕಾರಣಕ್ಕೇ ಮೊದಲ ದಿನಕ್ಕೆ ನಾನು ಎರಡೇ ಗಂಟೆ ಇಟ್ಟಿದ್ದೆ. ಊರಿಗೆ ಹತ್ತಿರದ ಸುಲಭದ ದಾರಿಗಳಲ್ಲಿ ಸುತ್ತಿ, ಬೇರುಗಳನ್ನು ಓರೆಯಾಗಿ ಅಲ್ಲದೆ ನೇರವಾಗಿ ದಾಟುವುದು, ಬೇರಿನ ಮೇಲಿರುವಾಗ ಬ್ರೇಕ್ ಹಿಡಿಯದೆ ಅದಕ್ಕೆ ಮುಂಚೆಯೇ ವೇಗ ಇಳಿಸಿಕೊಳ್ಳುವುದು, ಇವೆರಡನ್ನೇ ಅಭ್ಯಾಸ ಮಾಡಿದೆವು. ಟ್ಯೂಬಿಲ್ಲದ ಟೈರುಗಳಲ್ಲಿ ಗಾಳಿಯ ಒತ್ತಡವನ್ನು ಮುಂದೆ 22, ಹಿಂದೆ 25 ಪಿಎಸ್‌ಐಗೆ ಇಳಿಸಿದ ಮೇಲೆ ಅವನ ಸೈಕಲ್ ನೆಲವನ್ನು ಕಚ್ಚಿಕೊಂಡು ಓಡತೊಡಗಿತು. ಇದು ಸುಮಾರು 70 ಕಿಲೋ ತೂಗುವವನ ಲೆಕ್ಕ, ನನಗೆ ಅದಕ್ಕಿಂತ ಹೆಚ್ಚು ಗಾಳಿ ಬೇಕು. ಹೆಂಡತಿ ತನ್ನ ಸೈಕಲ್ ತಾರದೆ ಊರಿನಲ್ಲೇ ಎರಡೂ ಕಡೆ ಸಸ್ಪೆನ್ಶನ್ ಇರುವ ಒಂದನ್ನು ಬಾಡಿಗೆಗೆ ಪಡೆದಳು. ವರ್ಷಕ್ಕೆ ನಾಲ್ಕು ಸಲ ಓಡಿಸುವವರಿಗೆ ಅದೇ ಸರಿಯೆಂದು ನನಗೂ ಅನ್ನಿಸುತ್ತದೆ.

ಎರಡನೆಯ ದಿನದ ಯೋಜನೆಯಲ್ಲಿ ದೂರವನ್ನು ಬರೆಯಲೇ ಇಲ್ಲ. ಎಷ್ಟು ಮೀಟರ್ ಏರಬೇಕು ಎಂಬುದನ್ನು ಮಾತ್ರ ಟ್ರೇಲ್‌ಫೋರ್ಕ್ಸ್ ಆ್ಯಪಿನಲ್ಲಿ ನೋಡಿ ಬರೆದುಕೊಂಡೆ. ನಮ್ಮಲ್ಲಿ ಅತ್ಯಂತ ನಿಧಾನದವರು ನನ್ನ ಹೆಂಡತಿ. ಅವಳು ಕಾಡಿನ ಏರಿನಲ್ಲಿ ದಣಿಯದೆ ಗಂಟೆಗೆ 200 ಮೀಟರ್ ಎತ್ತರ ಗಳಿಸುತ್ತಾಳೆಂದು ಮನೆಯ ಬಳಿಯ ಗುಡ್ಡದಲ್ಲೇ ಅಳೆದಿದ್ದೆವು. ದಿನಕ್ಕೆ 600 ಮೀಟರ್ ಅಂದರೆ ಏರಿಗೇ ಮೂರು ಗಂಟೆ. ಇಳಿಯುವುದು, ನಿಲ್ಲುವುದು, ತಿನ್ನುವುದು, ಒಂದು ಪಂಕ್ಚರ್ ಇವಕ್ಕೆ ಇನ್ನೂ ಮೂರು. ಅಷ್ಟಕ್ಕೆ ದಿನ ತುಂಬಿತು. ಮೊದಲ ಪ್ರವಾಸದಲ್ಲಿ 30 ಕಿಲೋಮೀಟರ್ ತಾನೇ ಎಂದುಕೊಂಡು ಹೊರಟು, ಕೊನೆಯ ಏರನ್ನು ಸೈಕಲ್ ತಳ್ಳಿಕೊಂಡೇ ಹತ್ತಿದವನಿಗೆ ಈ ಲೆಕ್ಕ ತಡವಾಗಿ ಹೊಳೆಯಿತು. ಕಾಡಿನೊಳಗೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲವಾದ್ದರಿಂದ ಆ ಭಾಗದ ನಕ್ಷೆಯನ್ನು ಮೂವರ ಫೋನಿನಲ್ಲೂ ಇಳಿಸಿಟ್ಟುಕೊಂಡಿದ್ದೆವು.

ಚೀಲದಲ್ಲಿ ಒಯ್ದ ವಸ್ತುಗಳಲ್ಲಿ ಬಳಕೆಗೆ ಬಂದವು ಒಂದು ಜೊತೆ ಬ್ರೇಕ್ ಪ್ಯಾಡು ಮತ್ತು ಹಿಂಬದಿ ಗೇರನ್ನು ಸೈಕಲ್ಲಿನ ಚೌಕಟ್ಟಿಗೆ ಹಿಡಿದಿಡುವ ಹ್ಯಾಂಗರ್. ಬೆರಳುದ್ದದ ಈ ಲೋಹದ ತುಂಡು ಒಂದೊಂದು ಸೈಕಲ್ಲಿಗೆ ಒಂದೊಂದು ಆಕಾರದಲ್ಲಿರುತ್ತದೆ, ಮುರಿದರೆ ಸಣ್ಣ ಊರಿನ ಅಂಗಡಿಯಲ್ಲಿ ಹೊಂದುವಂಥದ್ದು ಸಿಕ್ಕೇ ಸಿಗುತ್ತದೆಂದು ಹೇಳಲಾಗದು. ತಿನ್ನಲು ಒಗ್ಗರಣೆ ಅವಲಕ್ಕಿ ಮತ್ತು ಕಡಲೆಬೀಜದ ಚಿಕ್ಕಿ. ಈ ಕಾಡಿನಲ್ಲಿ ಕಪ್ಪು ಕರಡಿಗಳೂ ಕೂಗರ್ ಎಂಬ ದೊಡ್ಡ ಕಾಡುಬೆಕ್ಕುಗಳೂ ಇವೆ, ಅವುಗಳ ಎದುರಿಗೆ ಸದ್ದಿಲ್ಲದೆ ಹೋಗಿ ನಿಲ್ಲುವುದೇ ಅಪಾಯ. ಏರಿನಲ್ಲಿ ಮೂವರೂ ಗಟ್ಟಿಯಾಗಿ ಕನ್ನಡದಲ್ಲಿ ಹರಟುತ್ತಾ ಹೋದೆವು. ಕರಡಿ ಒಂದೂ ಕಾಣಲಿಲ್ಲ.

ಹೊರಗಿನಿಂದ ಬಂದವರ ವಿಮೆಯ ಕಡೆಗೂ ಗಮನ ಕೊಡಬೇಕಾಯಿತು. ಪ್ರವಾಸಿಗಳಿಗೆ ಪ್ರಾಂತ್ಯದ ಆರೋಗ್ಯ ಯೋಜನೆ ಅನ್ವಯಿಸುವುದಿಲ್ಲ. ಭಾವಮೈದುನ ಕೊಂಡು ತಂದಿದ್ದ ಪ್ರವಾಸ ವಿಮೆಯ ಪತ್ರವನ್ನು ಕೊನೆಯ ಪುಟದವರೆಗೆ ಓದಿದಾಗ ಸಾಹಸ ಕ್ರೀಡೆಗಳ ಗಾಯ ಅದರಲ್ಲಿ ಸೇರಿಲ್ಲವೆಂದು ಗೊತ್ತಾಯಿತು. ಹೆಚ್ಚಿನ ಹಣ ಕಟ್ಟಿ ಅದನ್ನು ಸೇರಿಸಿದ ಮೇಲೆಯೇ ಹೊರಟೆವು. ಆಸ್ಪತ್ರೆ ಪಕ್ಕದ ಕೋರ್ಟ್ನಿ ಪಟ್ಟಣದಲ್ಲಿದೆ. ಅಲ್ಲಿಗೆ ಹೋಗುವ ಪ್ರಮೇಯ ಬರಲಿಲ್ಲ.

ಮೂರನೆಯ ದಿನವನ್ನು ಹಾರ್ನ್‌ಬಿ ಎಂಬ ಪುಟ್ಟ ದ್ವೀಪಕ್ಕೆ ಮೀಸಲಿಟ್ಟೆವು. ಅಲ್ಲಿಗೆ ಹೋಗಲು ಎರಡು ಫೆರಿ ಹಿಡಿಯಬೇಕು: ದೊಡ್ಡ ದ್ವೀಪದ ಬಕ್ಲಿ ಬೇಯಿಂದ ಡೆನ್ಮನ್ ದ್ವೀಪಕ್ಕೆ 2016ರಿಂದ ಉಕ್ಕಿನ ಹಗ್ಗಗಳನ್ನು ಹಿಡಿದು ಸಾಗುವ ಫೆರಿ, ಆ ದ್ವೀಪದ ಇನ್ನೊಂದು ತುದಿಯಿಂದ ಹಾರ್ನ್‌ಬಿಗೆ ಮತ್ತೊಂದು ಸಣ್ಣದು. ಒಂದೊಂದೂ ಹತ್ತು ನಿಮಿಷದ ದಾಟು ಮಾತ್ರ, ಆದರೆ ಕಾರಿನಲ್ಲಿ ಬಂದವರು ರಜೆಯ ದಿನ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಾರೆ. ಆಗಸ್ಟಿನಲ್ಲಿ ನಾನು ಹಾಗೆ ನಿಂತು, ಹಾರ್ನ್‌ಬಿಯ ಮೌಂಟ್ ಜೆಫ್ರಿಯ ಬುಡಕ್ಕೆ ಹೋಗಿ ಸೈಕಲ್ ಇಳಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಈ ಸಲ ಕಾರನ್ನು ಬಕ್ಲಿ ಬೇಯಲ್ಲೇ ಬಿಟ್ಟು, ಸೈಕಲ್ ಹಿಡಿದು ನಡೆದೇ ಫೆರಿ ಹತ್ತಿದೆವು. ಡೆನ್ಮನ್ ದ್ವೀಪವನ್ನು ಅಡ್ಡಲಾಗಿ ದಾಟುವ 11 ಕಿಲೋಮೀಟರ್ ಡಾಂಬರು ರಸ್ತೆಯಲ್ಲಿ ದಪ್ಪ ಟೈರು ತುಳಿಯುವುದು ಬೇಸರದ ಕೆಲಸವೇ, ಆರಂಭದ ಏರಿನಲ್ಲಂತೂ ಹೆಂಡತಿ ನನ್ನ ಯೋಜನೆಯ ಬಗ್ಗೆ ಒಂದೆರಡು ಮಾತು ಹೇಳಿದಳು. ಆದರೆ 11 ಗಂಟೆಗೆ ನಾವು ಮೌಂಟ್ ಜೆಫ್ರಿಯ ಕಡಿದಾದ ಅಂಚಿನ ಮೇಲಿದ್ದೆವು. ಕೆಳಗೆ ಕಾಲುವೆಯಂತೆ ಕಾಣುವ ಕಡಲು, ಆಚೆ ಡೆನ್ಮನ್, ಅದರಾಚೆ ದೊಡ್ಡ ದ್ವೀಪದ ಬೆಟ್ಟಗಳ ಸಾಲು. ಇಲ್ಲಿಯ ಫೆರಿ ಸಂಜೆ ಬೇಗನೆ ನಿಂತುಹೋಗುವುದರಿಂದ 2 ಗಂಟೆಯ ಮೇಲೆ ಏರು ಹತ್ತುವುದಿಲ್ಲವೆಂದು ಬರೆದಿಟ್ಟಿದ್ದೆ. ಒಂದೂ ಮುಕ್ಕಾಲಿಗೆ ಭಾವಮೈದುನ ಇನ್ನೊಂದೇ ಒಂದು ಸುತ್ತು ಎಂದು ಕೇಳಿದ. ಅಕ್ಕ ತಮ್ಮ ಇಬ್ಬರೂ ಮೇಲೆ ಹೋದರು. ನಾನು ಕೆಳಗೆ ಅವಲಕ್ಕಿ ಡಬ್ಬಿ ಬಿಚ್ಚಿಕೊಂಡು, ಫೆರಿಯ ವೇಳಾಪಟ್ಟಿಯನ್ನು ಮತ್ತೊಮ್ಮೆ ಓದುತ್ತಾ ಕೂತೆ.