ಮುಕುರ, ನಳಿಕೆ, ದುರ್ಬೀನು: ಹಳೆಯ ಹೆಸರಿನ ಹಿಂದಿರುವ ಉಪಕರಣವನ್ನು ಗುರುತಿಸುವ ಬಗೆ

ಮುಕುರ, ದರ್ಪಣ, ಆದರ್ಶ. ಈ ಮೂರಕ್ಕೂ ನಿಘಂಟು ಕೊಡುವ ಅರ್ಥ ಕನ್ನಡಿ ಎಂದೇ. ಅದು ಕಂಚಿನದೋ ಗಾಜಿನದೋ, ಚಪ್ಪಟೆಯೋ ಬಾಗಿದ್ದೋ ಎಂಬುದನ್ನು ನಿಘಂಟು ಹೇಳುವುದಿಲ್ಲ. ಹಳೆಯ ಬರಹ ಅನುವಾದಿಸುವವರಿಗೂ ಸಂಗ್ರಹಾಲಯದ ವಸ್ತುಗಳಿಗೆ ವಿವರಣೆ ಬರೆಯುವವರಿಗೂ ಬೇಕಾದದ್ದು ಅದೇ.

ಮೊದಲು ಕಾಲವನ್ನು ಖಚಿತ ಮಾಡಿಕೊಳ್ಳಿ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು. ಅಲ್ಲಿನ ದರ್ಪಣಸುಂದರಿ ಶಿಲ್ಪದ ಕೈಯಲ್ಲಿರುವುದನ್ನು ಉಜ್ಜಿ ಹೊಳಪು ಕೊಟ್ಟ ಲೋಹದ ಕನ್ನಡಿ ಎಂದೇ ತಿಳಿಯಬೇಕು. ಕೇರಳದ ಆರನ್ಮುಳದಲ್ಲಿ ತಾಮ್ರ ಮತ್ತು ತವರ ಬೆರೆಸಿ ಇಂಥ ಕನ್ನಡಿಯನ್ನು ಇಂದಿಗೂ ಎರಕ ಹೊಯ್ಯುತ್ತಾರೆ. ಗಾಜಿನ ಮೇಲೆ ರಾಸಾಯನಿಕವಾಗಿ ಬೆಳ್ಳಿ ಕೂರಿಸುವ ವಿಧಾನವನ್ನು ಜರ್ಮನ್ ರಸಾಯನಶಾಸ್ತ್ರಜ್ಞ ಲೀಬಿಗ್ ತೋರಿಸಿದ್ದು 1835ರಲ್ಲಿ. ಅದಕ್ಕೂ ಮೊದಲಿನ ಗಾಜಿನ ಕನ್ನಡಿಗಳ ಬೆನ್ನಿಗೆ ತವರ ಮತ್ತು ಪಾದರಸದ ಲೇಪವಿರುತ್ತಿತ್ತು. ಅಂಥದ್ದು ಕೈಗೆ ಸಿಕ್ಕರೆ ಬೆನ್ನನ್ನು ಕೆರೆಯಬೇಡಿ, ಬಿಸಿ ತಾಗಿಸಬೇಡಿ. ಕೆಳ ಅಂಚಿನಲ್ಲಿ ಪಾದರಸದ ಹನಿ ಕೂಡಿಕೊಂಡಿರಬಹುದು.

ವಸ್ತು ಎದುರಿಗಿದ್ದರೆ ಪರೀಕ್ಷೆ ಸುಲಭ. ಮೊನೆಯಿರುವ ಮರದ ಕಡ್ಡಿಯನ್ನು ಮೇಲ್ಮೈಗೆ ಹಗುರವಾಗಿ ಮುಟ್ಟಿಸಿ. ಕಡ್ಡಿಯ ತುದಿಯೂ ಬಿಂಬದ ತುದಿಯೂ ಕೂಡಿಕೊಂಡರೆ ಪ್ರತಿಫಲನ ಮುಂಭಾಗದಲ್ಲೇ ಆಗುತ್ತಿದೆ, ಅಂದರೆ ಅದು ಲೋಹದ್ದು ಅಥವಾ ಮುಂಭಾಗಕ್ಕೆ ಲೇಪ ಹಚ್ಚಿದ್ದು. ನಡುವೆ ಅಂತರ ಕಂಡರೆ ಲೇಪ ಗಾಜಿನ ಹಿಂದಿದೆ. 3 ಮಿ.ಮೀ. ದಪ್ಪದ ಗಾಜಾದರೆ ಬಿಂಬ ಸುಮಾರು 4 ಮಿ.ಮೀ. ಹಿಂದೆ ಕಾಣುತ್ತದೆ. ಉಕ್ಕಿನ ಸೂಜಿ ಬೇಡ, ಗೀರು ಬಿದ್ದರೆ ಹೋಗುವುದಿಲ್ಲ. ಲೋಹದ ಕನ್ನಡಿಯನ್ನು ಹುಣಸೆಹಣ್ಣು ಹಾಕಿ ತಿಕ್ಕುವುದಂತೂ ಖಂಡಿತ ಕೂಡದು. ಹುಳಿ ಹೊಳಪನ್ನೇ ತಿಂದುಹಾಕುತ್ತದೆ. ದೂರದರ್ಶಕದ ಲೋಹದರ್ಪಣಗಳಿಗೂ ಮಂಕಾಗುವ ಕಾಟ ತಪ್ಪಿರಲಿಲ್ಲ. ಖಗೋಳಜ್ಞ ಹರ್ಷೆಲ್ ತನ್ನ 40 ಅಡಿ ದೂರದರ್ಶಕಕ್ಕೆ ಎರಡು ದರ್ಪಣಗಳನ್ನು ಮಾಡಿಸಿದ್ದರಿಂದ, ಒಂದಕ್ಕೆ ಹೊಳಪು ಕೊಡುವಾಗ ಇನ್ನೊಂದನ್ನು ಬಳಸಬಹುದಿತ್ತು.

ಬಾಗನ್ನು ಅಳೆಯಲು ದರ್ಪಣವನ್ನು ದೂರದ ಕಿಟಕಿಯತ್ತ ತಿರುಗಿಸಿ, ಎದುರಿಗೆ ಬಿಳಿ ಹಾಳೆ ಹಿಡಿದು ಹಿಂದೆ ಮುಂದೆ ಸರಿಸಿ. ಕಿಟಕಿಯ ತಲೆಕೆಳಗಾದ ಚಿತ್ರ ಹಾಳೆಯ ಮೇಲೆ ಸ್ಪಷ್ಟವಾಗಿ ಮೂಡಿದರೆ ಅದು ನಿಮ್ನ, ಅಂದರೆ ಒಳಕ್ಕೆ ಬಾಗಿದ ದರ್ಪಣ. ದರ್ಪಣದಿಂದ ಹಾಳೆಗಿರುವ ದೂರವೇ ಸರಿಸುಮಾರು ಸಂಗಮ ದೂರ, ಅಂದರೆ ದೂರದಿಂದ ಬಂದ ಬೆಳಕು ಒಂದೆಡೆ ಕೂಡುವ ದೂರ. ಎಲ್ಲಿ ಹಿಡಿದರೂ ಚಿತ್ರ ಮೂಡದೆ, ಮುಖ ಚಿಕ್ಕದಾಗಿ ನೆಟ್ಟಗೆ ಕಂಡರೆ ಪೀನ, ಅಂದರೆ ಹೊರಕ್ಕೆ ಉಬ್ಬಿದ ದರ್ಪಣ. ಈ ಪರೀಕ್ಷೆಗೆ ಸೂರ್ಯನನ್ನು ಬಳಸಬೇಡಿ, ಕಣ್ಣಿಗೂ ಹಾಳೆಗೂ ಅಪಾಯ.

ಹೆಸರಿನಲ್ಲಿ ಕನ್ನಡಿ ಇದ್ದಮಾತ್ರಕ್ಕೆ ಅದು ದರ್ಪಣವಾಗಲೇಬೇಕೆಂದಿಲ್ಲ. ಭೂತಗನ್ನಡಿ ಎಂದರೆ ಪೀನ ಮಸೂರ, ಅಂದರೆ ಬೆಳಕನ್ನು ಹಾಯಿಸುವ, ನಡುವೆ ಉಬ್ಬಿದ ಗಾಜು. ಬೆಳಕು ಹಿಂದಿರುಗುತ್ತದೆಯೋ, ಹಾದುಹೋಗುತ್ತದೆಯೋ ಎಂದು ವಾಕ್ಯದಲ್ಲಿ ಹುಡುಕಿ. ಚಾಳೀಸು, ಸುಲೋಚನ ಎಂದರೆ ಕನ್ನಡಕ, ಅದರಲ್ಲಿ ಗೊಂದಲವಿಲ್ಲ. ಕಾವ್ಯದ ಸೂರ್ಯಕಾಂತವನ್ನು ಮಾತ್ರ ಮಸೂರವೆಂದು ಅನುವಾದಿಸಬೇಡಿ. ಬಿಸಿಲು ತಾಗಿದರೆ ಬೆಂಕಿ ಕಾರುವ ಕಲ್ಲು ಎಂಬ ಕವಿಕಲ್ಪನೆ ಹಾಗೆಯೇ ಉಳಿಯಲಿ.

ಹೆಚ್ಚು ಜನ ಎಡವುವುದು ನಳಿಕಾಯಂತ್ರದಲ್ಲಿ. 12ನೇ ಶತಮಾನದ ಭಾಸ್ಕರಾಚಾರ್ಯರ ಖಗೋಳ ಗ್ರಂಥ ಸಿದ್ಧಾಂತ ಶಿರೋಮಣಿಯಲ್ಲಿ ಬರುವ ನಳಿಕೆ ಬರಿದಾದ ಕೊಳವೆ. ಗ್ರಹದ ಸ್ಥಾನ ಲೆಕ್ಕ ಹಾಕಿ, ಆ ದಿಕ್ಕಿಗೆ ಕೊಳವೆ ಕಟ್ಟಿ, ಗ್ರಹವನ್ನು ನೇರವಾಗಿಯೋ ನೀರಿನಲ್ಲಿ ಬಿದ್ದ ಬಿಂಬವಾಗಿಯೋ ತೋರಿಸುತ್ತಿದ್ದರು. ಅದರಲ್ಲಿ ಮಸೂರವಿಲ್ಲ, ವರ್ಧನವೂ ಇಲ್ಲ. ಮಸೂರದ ದೂರದರ್ಶಕ ದಾಖಲೆಗೆ ಬರುವುದು 1608ರಲ್ಲಿ, ನೆದರ್ಲೆಂಡ್ಸ್‌ನಲ್ಲಿ. ಆದ್ದರಿಂದ ನಳಿಕಾಯಂತ್ರಕ್ಕೆ "ನೋಟದ ಕೊಳವೆ" ಎಂದು ಬರೆಯಿರಿ.

ಪಾರಸಿಯಿಂದ ಬಂದ ದುರ್ಬೀನು ಒಂಟಿ ಕೊಳವೆಯೂ ಆಗಿರಬಹುದು, ಜೋಡಿ ಕೊಳವೆಯೂ ಆಗಿರಬಹುದು. ಕೈಗೆ ಸಿಕ್ಕರೆ ಕಣ್ಣಿಗೆ ಹಿಡಿಯುವ ಬದಿಯ ನೇತ್ರ ಮಸೂರವನ್ನು ಬಿಚ್ಚಿ, ಅಚ್ಚಾದ ಅಕ್ಷರಗಳ ಮೇಲೆ ಹಿಡಿಯಿರಿ. ಅಕ್ಷರ ಕಿರಿದಾದರೆ ನಿಮ್ನ ಮಸೂರ, ಅದು ಗೆಲಿಲಿಯೊ ಮಾದರಿಯ ದುರ್ಬೀನು. ಹಿರಿದಾದರೆ ಪೀನ ಮಸೂರ. ಆಗ ದೂರದ ಮರ ತಲೆಕೆಳಗಾಗಿ ಕಂಡರೆ ಕೆಪ್ಲರ್ ಮಾದರಿ, ನೆಟ್ಟಗೆ ಕಂಡರೆ ಒಳಗೆ ಬಿಂಬವನ್ನು ನೇರ ಮಾಡುವ ಹೆಚ್ಚುವರಿ ಮಸೂರ ಅಥವಾ ಪಟ್ಟಕಗಳಿವೆ (ಪ್ರಿಸಂಗಳು).

ವಿವರಣೆಯಲ್ಲಿ ಹಳೆಯ ಹೆಸರು ಮೊದಲು, ಅಳತೆ ನಂತರ ಬರಲಿ: "ಮುಕುರ. ಲೋಹ, ನಿಮ್ನ, ವ್ಯಾಸ 15 ಸೆಂ.ಮೀ., ಸಂಗಮ ದೂರ 120 ಸೆಂ.ಮೀ."