ತೆರೆಯಾಚೆಯ ಗೆಳೆಯರು, ಎರಡು ದಿನ ಮೈಸೂರು

ಚೆಸ್ ಆ್ಯಪಿನಲ್ಲಿ ರಾತ್ರಿ ಹನ್ನೊಂದಕ್ಕೆ ಆಟಕ್ಕೆ ಕರೆಯುವವರು, ತಾರಸಿ ತೋಟದ ಗುಂಪಿನಲ್ಲಿ ಬೆಂಡೆಗೆ ಹುಳ ಬಿದ್ದರೆ ಮದ್ದು ಹೇಳುವವರು, ಮಸುಕು ಫೋಟೊ ನೋಡಿಯೇ ಹಕ್ಕಿಯ ಹೆಸರು ಹೇಳುವವರು. ಇವರ ಜೊತೆ ವರ್ಷಗಟ್ಟಲೆ ಹರಟಿದ್ದೀರಿ, ಮುಖ ನೋಡಿಲ್ಲ. ಒಂದು ದಿನ ಯಾರೋ ‘ಒಮ್ಮೆ ಎಲ್ರೂ ಸಿಗೋಣ್ವಾ?’ ಎನ್ನುತ್ತಾರೆ. ಸಾಲುಸಾಲು ಹೆಬ್ಬೆರಳು ಮೇಲೇಳುತ್ತವೆ. ಯಾವ ಊರು, ಯಾವ ದಿನ ಎಂಬಲ್ಲಿಗೆ ಬಂದು ಮಾತು ನಿಲ್ಲುತ್ತದೆ. ಮುಂದಿನ ಯುಗಾದಿಗೆ ಇನ್ಯಾರೋ ಅದನ್ನೇ ಕೇಳುತ್ತಾರೆ.

ಹಾಗಾಗದಂತೆ ಶನಿವಾರ, ಭಾನುವಾರದ ಒಂದು ಭೇಟಿಯನ್ನು ಹೊಂದಿಸುವ ಬಗೆ ಇಲ್ಲಿದೆ. ಊರು ಮೈಸೂರು ಎಂದಿಟ್ಟುಕೊಳ್ಳೋಣ. ನಾಲ್ಕು ದಿಕ್ಕಿನವರಿಗೂ ರೈಲೋ ಬಸ್ಸೋ ಸಿಗುತ್ತದೆ, ನಡೆದು ನೋಡುವಂಥದ್ದು ಬೇಕಾದಷ್ಟಿದೆ. ಒಂದು ನಿಯಮ ಮಾತ್ರ ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರಿಂದಲೇ ಹುಟ್ಟುತ್ತದೆ: ಬಂದವರಲ್ಲಿ ಯಾರೇ ಆಗಲಿ, ಯಾವ ಹೊತ್ತಿನಲ್ಲೇ ಆಗಲಿ, ಇನ್ನೊಬ್ಬರ ಅಪ್ಪಣೆ ಕೇಳದೆ ಎದ್ದು ಊರಿಗೆ ಹೊರಡುವಂತಿರಬೇಕು. ಟಿಕೆಟ್ ಅವರದು, ಕೋಣೆ ಅವರದು, ದುಡ್ಡು ಅವರದು.

ಮೊದಲು ಮಂದಿ

ಮೊದಲ ಭೇಟಿಗೆ ಆರು ಜನ ಸಾಕು. ಆಟೊದಲ್ಲಿ ಮೂವರಿಗೆ ಜಾಗ, ಆರು ಜನಕ್ಕೆ ಎರಡು ಆಟೊ, ಹೋಟೆಲಿನಲ್ಲಿ ಎರಡು ಮೇಜು ಜೋಡಿಸಿದರೆ ಮುಗಿಯಿತು. ಹತ್ತು ಜನರಾದರೆ ಅದು ಬೀಗರೂಟದ ಹಾಗೆ, ಬಡಿಸುವವರಿಗೆ ಉಣ್ಣಲು ಪುರುಸೊತ್ತಿರುವುದಿಲ್ಲ.

ಹೊರಡುವ ಎರಡು ಮೂರು ವಾರ ಮೊದಲು ಎಲ್ಲರೂ ಒಟ್ಟಿಗೆ ಒಂದು ವಿಡಿಯೊ ಕರೆಯಲ್ಲಿ ಕೂರಿ. ಪ್ರತಿ ಸಲವೂ ‘ಕ್ಯಾಮೆರಾ ಕೆಟ್ಟಿದೆ’, ‘ನೆಟ್‌ವರ್ಕ್ ಇಲ್ಲ’ ಎನ್ನುವವರನ್ನು ಈ ಸಲಕ್ಕೆ ಬಿಟ್ಟುಬಿಡಿ, ಬೇಸರವೇನೂ ಬೇಡ. ಆದರೆ ವಿಡಿಯೊ ಕರೆಯನ್ನೇ ಪೂರ್ತಿ ನೆಚ್ಚಿಕೊಳ್ಳುವಂತೆಯೂ ಇಲ್ಲ, ಮುಖವನ್ನೇ ಬದಲಿಸಿ ತೋರಿಸುವ ತಂತ್ರಾಂಶಗಳು ಈಗ ಯಾರ ಕೈಗಾದರೂ ಸಿಗುತ್ತವೆ. ಹೆಚ್ಚು ತೂಕ ಹಳೆಯ ಪರಿಚಯಕ್ಕೆ. ಈತ ಗುಂಪಿನಲ್ಲಿ ಎಷ್ಟು ಕಾಲದಿಂದ ಇದ್ದಾನೆ? ಜಗಳವಾದಾಗ ಹೇಗೆ ನಡೆದುಕೊಂಡ? ಬೇರೆ ಸದಸ್ಯರು ಯಾರಾದರೂ ಈತನನ್ನು ನೇರವಾಗಿ ಭೇಟಿಯಾಗಿದ್ದಾರೆಯೇ? ಇಷ್ಟು ಕೇಳಿಕೊಂಡರೆ ಅರ್ಧ ಚಿತ್ರ ಸಿಗುತ್ತದೆ. ಹದಿನೆಂಟು ತುಂಬದವರು ಬರುವುದಾದರೆ ಅಪ್ಪನೋ ಅಮ್ಮನೋ ಜೊತೆಗಿರಲೇಬೇಕು, ಇದರಲ್ಲಿ ಚೌಕಾಸಿ ಇಲ್ಲ. ಗುಂಪಿನಲ್ಲಿ ಒಬ್ಬರೇ ಹೆಂಗಸು ಇದ್ದರೆ, ಅವರು ತಂಗಿಯನ್ನೋ ಗೆಳತಿಯನ್ನೋ ಕರೆತಂದರೆ ಸಂತೋಷ ಎಂದು ಉಳಿದವರೇ ಮುಂದಾಗಿ ಹೇಳಬೇಕು. ಅವರ ಬಾಯಿಂದ ಅದನ್ನು ಬರಿಸಬಾರದು.

ಇನ್ನು ಮನೆಯವರು. ‘ಆನ್‌ಲೈನಿನಲ್ಲಿ ಪರಿಚಯ’ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಹುಬ್ಬು ಗಂಟಾಗುತ್ತದೆ. ಅದಕ್ಕೆ ಹೆದರಿ ‘ಆಫೀಸ್ ಕೆಲಸ’ ಎಂದು ಹೇಳಿ ಹೊರಡುವವರು ಬಹಳ. ದಯವಿಟ್ಟು ಬೇಡ. ಸುಳ್ಳು ಹೇಳಿ ಹೊರಟರೆ, ಏನಾದರೂ ಹೆಚ್ಚುಕಡಿಮೆ ಆದಾಗ ನೀವು ಎಲ್ಲಿದ್ದೀರಿ ಎಂಬುದು ಲೋಕದಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ಗುಂಪಿನ ವಿಡಿಯೊ ಕರೆ ನಡೆಯುವಾಗ ಅಮ್ಮನನ್ನು ಎರಡು ನಿಮಿಷ ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ನಿಮ್ಮೂರು ಯಾವುದಪ್ಪಾ? ಮನೇಲಿ ಯಾರ್ಯಾರಿದ್ದೀರಿ?’ ಎಂದು ಆಕೆ ಕೇಳುವ ಪ್ರಶ್ನೆಗಳು ನೀವು ಕೇಳಲು ಸಂಕೋಚಪಟ್ಟ ಪ್ರಶ್ನೆಗಳೇ ಆಗಿರುತ್ತವೆ.

ದಿನ ಮತ್ತು ಟಿಕೆಟ್

ದಸರಾ ವಾರ ಬೇಡ. ಕೋಣೆ ಸಿಗದು, ಸಿಕ್ಕರೂ ಬಾಡಿಗೆ ಕೈಗೆಟುಕದು, ಗದ್ದಲದಲ್ಲಿ ಮಾತಂತೂ ಆಗದು. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ (2024ರ ನವೆಂಬರ್‌ವರೆಗೆ 120 ದಿನ ಇತ್ತು), ಹಾಗಾಗಿ ಎರಡು ತಿಂಗಳ ಆಚೆಗೊಂದು ದಿನ ಗೊತ್ತುಮಾಡಿದರೆ ಸರಿಹೋಗುತ್ತದೆ. ದಿನ ಆರಿಸಲು ಗುಂಪಿನಲ್ಲಿ ಮತಕ್ಕೆ ಹಾಕಿ, ಆದರೆ ಆಯ್ಕೆ ಎರಡೇ ಇರಲಿ. ಐದು ಕೊಟ್ಟರೆ ಐದಕ್ಕೂ ಒಂದೊಂದು ಮತ ಬೀಳುತ್ತದೆ.

ಒಂದೇ ಟಿಕೆಟಿನಲ್ಲಿ ಆರು ಜನರ ಹೆಸರು ಹಾಕಬಹುದು, ನಿಜ. ಆದರೂ ಅವರವರ ಟಿಕೆಟ್ ಅವರವರೇ ಮಾಡಿಸಲಿ, ಹೋಗುವುದರ ಜೊತೆಗೇ ಬರುವುದನ್ನೂ. ವಾಪಸ್ ಟಿಕೆಟ್ ಕೈಯಲ್ಲಿದ್ದರೆ ‘ಇನ್ನೊಂದು ದಿನ ಇದ್ದು ಹೋಗಿ’ ಎಂಬ ಒತ್ತಾಯಕ್ಕೆ ಉತ್ತರ ತಡಕಾಡಬೇಕಿಲ್ಲ. ಬೆಂಗಳೂರಿನವರಿಗೆ ರೈಲಿನಲ್ಲಿ ಎರಡರಿಂದ ಮೂರು ಗಂಟೆ. ಹುಬ್ಬಳ್ಳಿ ಕಡೆಯವರು ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಇಳಿಯುತ್ತಾರೆ. ಮಂಗಳೂರಿನವರಿಗೆ ಮಡಿಕೇರಿ ದಾರಿಯ ಬಸ್ಸು ಇದೆ, ಜೋರು ಮಳೆಗಾಲದಲ್ಲಿ ಘಾಟಿಯ ಸುದ್ದಿ ನೋಡಿಕೊಂಡು ಹೊರಡಲಿ. ‘ನಾನು ಬೈಕಲ್ಲೇ ಬರ್ತೀನಿ’ ಎನ್ನುವ ಬೆಂಗಳೂರಿನ ಹುಡುಗ ಪ್ರತಿ ಗುಂಪಿನಲ್ಲೂ ಇರುತ್ತಾನೆ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು ಎಂದು ಅವನಿಗೆ ನೆನಪಿಸಿ.

ಒಂದು ಸೂಕ್ಷ್ಮ. ಸುಮಾರು ಒಂದು ಲಕ್ಷ ಬಲ್ಬುಗಳ ಅರಮನೆ ದೀಪಾಲಂಕಾರ ಇರುವುದು ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ, ಏಳರ ಹೊತ್ತಿಗೆ. ಶನಿವಾರ ಬಂದು ಭಾನುವಾರ ಮಧ್ಯಾಹ್ನದ ರೈಲು ಹಿಡಿಯುವವರಿಗೆ ಅದು ತಪ್ಪುತ್ತದೆ. ನೋಡಲೇಬೇಕೆಂದರೆ ಭಾನುವಾರ ರಾತ್ರಿ ಹೊರಡುವ ಟಿಕೆಟ್ ತೆಗೆದುಕೊಳ್ಳಿ.

ಕೋಣೆ ಮತ್ತು ದುಡ್ಡು

ಎಲ್ಲರೂ ಒಂದೇ ಲಾಡ್ಜಿನಲ್ಲಿ ಇರಬೇಕೆಂದಿಲ್ಲ, ಒಂದೇ ಬಡಾವಣೆಯಲ್ಲಿದ್ದರೆ ಸಾಕು. ಮೊದಲ ಸಲಕ್ಕೆ ಒಬ್ಬರಿಗೊಂದು ಕೋಣೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದುಬಾರಿಯೆನಿಸಿದರೆ ಮೊದಲೇ ಬಲ್ಲ ಇಬ್ಬರು ಹಂಚಿಕೊಳ್ಳಲಿ. ಊರಾಚೆಯ ಒಂಟಿ ಹೋಮ್‌ಸ್ಟೇ, ‘ನಮ್ಮ ಮಾವನ ತೋಟದ ಮನೆ ಖಾಲಿ ಇದೆ’ ಎಂಬ ಕರೆ ಇವೆಲ್ಲ ಎರಡನೇ ಭೇಟಿಗೆ ಇರಲಿ. ರಾತ್ರಿ ಹತ್ತಕ್ಕೆ ಬೇಡವೆನಿಸಿದರೆ ಅಲ್ಲಿಂದ ಆಟೊ ಸಿಗುವುದಿಲ್ಲ.

ಗಂಡು ಹೆಣ್ಣು ಇಬ್ಬರೂ ಇರುವ ಗುಂಪಾದರೆ ಲಾಡ್ಜಿಗೆ ಮೊದಲೇ ಫೋನ್ ಮಾಡಿ ಕೇಳಿ. ಮದುವೆಯಾಗದವರು ಒಟ್ಟಿಗೆ ತಂಗಬಾರದೆಂದು ಕಾನೂನೇನೂ ಇಲ್ಲ. ಆದರೆ ಕೆಲವು ಕಡೆ ಅವರದೇ ನಿಯಮಗಳಿರುತ್ತವೆ, ಮೈಸೂರಿನದೇ ವಿಳಾಸದ ಗುರುತಿನ ಚೀಟಿ ತೋರಿಸಿದರೆ ಕೋಣೆ ಇಲ್ಲ ಎನ್ನುವವರಿದ್ದಾರೆ. ಬ್ಯಾಗು ಹೊತ್ತು ಕೌಂಟರ್ ಮುಂದೆ ನಿಂತು ವಾದಿಸುವ ಗತಿ ಯಾರಿಗೂ ಬೇಡ. ವಿದೇಶಿ ಪಾಸ್‌ಪೋರ್ಟ್ ಇರುವ ಗೆಳೆಯರು ಅಮೆರಿಕದಿಂದಲೋ ದುಬೈಯಿಂದಲೋ ಬರುವುದಾದರೆ, ಲಾಡ್ಜಿನವರು ಅವರು ತಂಗಿರುವ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕಾಗುತ್ತದೆ. ಅದಕ್ಕೆ ತಯಾರಿರುವ ಕಡೆಯೇ ಕೋಣೆ ಹಿಡಿಯಿರಿ.

‘ಬುಕಿಂಗ್‌ಗೆ ಬೇಕು, ಎಲ್ರೂ ಆಧಾರ್ ಫೋಟೊ ಗುಂಪಿಗೆ ಹಾಕಿ’ ಎಂದು ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಹಾಕಬೇಡಿ. ಅವರವರ ಚೀಟಿಯನ್ನು ಅವರವರೇ ಕೌಂಟರಿನಲ್ಲಿ ತೋರಿಸಿದರಾಯಿತು. ಪ್ರತಿ ಕೊಡಲೇಬೇಕಾದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು, ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐಯ ತಾಣದಿಂದಲೇ ಇಳಿಸಿಕೊಳ್ಳಬಹುದು.

ಮುಂಗಡವನ್ನು ಲಾಡ್ಜಿಗೇ ಕಟ್ಟಿ, ‘ಸಂಘಟಕ’ರ ಖಾತೆಗೆ ಬೇಡ. ಹೊರಡುವ ಹಿಂದಿನ ದಿನ ಯಾರಾದರೂ ಹೊಸ ನಂಬರಿನಿಂದ ‘ಫೋನ್ ಕಳೆದುಹೋಯ್ತು, ಅರ್ಜೆಂಟಾಗಿ ಐದು ಸಾವಿರ ಹಾಕು’ ಎಂದರೆ ಮೊದಲು ಅವರ ಧ್ವನಿ ಕೇಳಿ, ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಏನನ್ನಾದರೂ ವಿಚಾರಿಸಿ. ದುಡ್ಡು ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ. ಒತ್ತಿ ಎಂದು ಹೇಳಿದರೆ ಅದು ನಿಮ್ಮ ಖಾತೆಯಿಂದ ಹೋಗುವ ದುಡ್ಡು. ಮೋಸವಾಯಿತು ಎಂದು ತಿಳಿದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮೊದಲ ಒಂದು ಗಂಟೆ

ರೈಲು ನಿಲ್ದಾಣದ ಬಾಗಿಲಲ್ಲಿ ಸೇರುವುದು ಬೇಡ. ಆಟೊದವರ ಕೂಗು, ಬ್ಯಾಗುಗಳ ನಡುವೆ ‘ನೀವೇನಾ?’ ಎಂದು ಮುಖ ಮುಖ ನೋಡುವುದು ಚೆನ್ನಾಗಿರುವುದಿಲ್ಲ. ಎಲ್ಲರೂ ಕೋಣೆಗೆ ಹೋಗಿ, ಸ್ನಾನ ಮಾಡಿ, ಬಟ್ಟೆ ಬದಲಿಸಿಕೊಂಡು ಹನ್ನೊಂದರ ಸುಮಾರಿಗೆ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಬರಲಿ. 1979ರಲ್ಲಿ ಶುರುವಾದ ಇದು ನಿಲ್ದಾಣಕ್ಕೆ ಹತ್ತಿರ, ಬಯಲಿನಲ್ಲಿದೆ, ಜನ ಓಡಾಡುತ್ತಿರುತ್ತಾರೆ. ಮುಖ್ಯವಾಗಿ, ಮಾತು ನಿಂತಾಗ ನೋಡಲು ಹಳೆಯ ಉಗಿಬಂಡಿ ಇದೆ. ಮೊದಲ ಭೇಟಿಯಲ್ಲಿ ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದಕ್ಕಿಂತ, ಪಕ್ಕಪಕ್ಕ ನಿಂತು ಇಬ್ಬರೂ ಬೇರೇನನ್ನೋ ನೋಡುವುದು ಎಷ್ಟೋ ಸುಲಭ.

ಆ ಗಂಟೆಯಲ್ಲಿ ವಿಚಿತ್ರಗಳು ನಡೆಯುತ್ತವೆ. ಟೈಪ್ ಮಾಡುವಾಗ ಎಲ್ಲರದೂ ಹೆಚ್ಚುಕಡಿಮೆ ಒಂದೇ ಕನ್ನಡ. ಬಾಯಿ ತೆರೆದರೆ ಒಬ್ಬರು ‘ಹ್ಯಾಂಗ ಅದೀರಿ?’, ಇನ್ನೊಬ್ಬರು ‘ಎಂತ ಮಾರಾಯ್ರೆ?’ ಗುಂಪಿನಲ್ಲಿ ಸಾಲಿಗೊಂದು ಚಟಾಕಿ ಹಾರಿಸುತ್ತಿದ್ದವರು ಮೂಗಿನ ಮೇಲೆ ಬೆರಳಿಟ್ಟವರ ಹಾಗೆ ಸುಮ್ಮನಿರುತ್ತಾರೆ, ವರ್ಷವಿಡೀ ಬರೀ ನಗುಮುಖ ಹಾಕುತ್ತಿದ್ದವರು ಬಾಯಿ ಮುಚ್ಚುವುದಿಲ್ಲ. ‘ಏನ್ ಸಾರ್, ಆನ್‌ಲೈನಲ್ಲಿ ಹುಲಿ, ಇಲ್ಲಿ ಇಲಿ!’ ಎಂದು ರೇಗಿಸಬೇಡಿ, ಅವರು ಮಧ್ಯಾಹ್ನದವರೆಗೂ ಬಾಯಿ ಬಿಡುವುದಿಲ್ಲ. ‘ಲೇ ಮಗಾ’ ಎಂದು ಕರೆಯುತ್ತಿದ್ದವರು ನಿವೃತ್ತ ಹೆಡ್‌ಮಾಸ್ಟರ್ ಆಗಿರಬಹುದು! ಆಗ ನಾಲಿಗೆ ತಾನಾಗಿಯೇ ಬಹುವಚನಕ್ಕೆ ಹೊರಳುತ್ತದೆ. ಹೊರಳಲಿ, ಸಂಜೆಯ ಹೊತ್ತಿಗೆ ಅವರೇ ‘ಹಳೇದೇ ಚೆನ್ನಾಗಿತ್ತು ಕಣೋ’ ಎಂದಾರು. ಗುಂಪಿನ ಅಡ್ಡಹೆಸರಿನಿಂದ ಕರೆಯಬೇಕೋ ನಿಜ ಹೆಸರಿನಿಂದಲೋ ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ.

ಫೋಟೊ ತೆಗೆಯುವ ಮುನ್ನವೂ ಕೇಳಿ, ಹಂಚುವ ಮುನ್ನ ಮತ್ತೊಮ್ಮೆ ಕೇಳಿ. ತಾನು ಎಲ್ಲಿದ್ದೇನೆಂದು ಎಲ್ಲರಿಗೂ ತಿಳಿಯುವುದು ಬೇಡವೆನ್ನುವವರಿಗೆ ಅವರದೇ ಕಾರಣಗಳಿರುತ್ತವೆ, ವಿವರಣೆ ಕೇಳುವ ಹಕ್ಕು ನಮಗಿಲ್ಲ.

ಎರಡು ದಿನದ ಓಡಾಟ

ಊಟದ ವಿಚಾರವನ್ನು ಮೊದಲೇ ಗುಂಪಿನಲ್ಲಿ ಬರೆದಿಡಿ: ಮಾಂಸ ತಿನ್ನುವವರು, ಮೊಟ್ಟೆಯೂ ಬೇಡದವರು, ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು, ಶನಿವಾರ ಒಪ್ಪತ್ತು ಮಾಡುವವರು. ಎಲ್ಲರನ್ನೂ ಒಂದೇ ಮೇಜಿಗೆ ಎಳೆಯಬೇಕಿಲ್ಲ, ರಾತ್ರಿ ಒಂದು ಹೊತ್ತು ಎರಡು ತಂಡವಾದರೆ ಆಕಾಶ ಬೀಳುವುದಿಲ್ಲ. ಕುಡಿಯುವವರು ಇದ್ದರೆ ಅದನ್ನೂ ಮೊದಲೇ ಹೇಳಲಿ. ನಜರ್‌ಬಾದಿನ ಮೈಲಾರಿ ದೋಸೆ ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ಜಾಗ ಚಿಕ್ಕದು, ಭಾನುವಾರ ಬೆಳಿಗ್ಗೆ ಕಾಯಬೇಕು, ಆರು ಕುರ್ಚಿ ಒಟ್ಟಿಗೆ ಸಿಗುವುದು ಅದೃಷ್ಟ. ಇಬ್ಬಿಬ್ಬರಾಗಿ ನುಗ್ಗಿ, ತಿಂದವರು ಹೊರಗೆ ಕಾಯಲಿ.

ಶನಿವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಕಾರ್ಯಕ್ರಮ ಬೇಡ. ನಿದ್ದೆ ಮಾಡುವವರು ಮಾಡಲಿ, ಮನೆಗೆ ಫೋನ್ ಮಾಡುವವರು ಮಾಡಲಿ. ಫೋನಿನಲ್ಲಾದರೆ ಸಾಕೆನಿಸಿದಾಗ ಪರದೆ ಆರಿಸುತ್ತಿದ್ದಿರಿ, ಇಲ್ಲಿ ಆ ಗುಂಡಿ ಇಲ್ಲ. ಆ ಮೂರು ಗಂಟೆ ಕೊಡದಿದ್ದರೆ ರಾತ್ರಿ ಊಟದ ಹೊತ್ತಿಗೆ ಸಣ್ಣ ಮಾತಿಗೂ ಸಿಡುಕು ಶುರುವಾಗುತ್ತದೆ.

ಭಾನುವಾರ ಬೆಳಿಗ್ಗೆಗೆ ಚಾಮುಂಡಿ ಬೆಟ್ಟ. ಗಟ್ಟಿಗರು ಸಾವಿರದಷ್ಟು ಮೆಟ್ಟಿಲು ಹತ್ತಲಿ. ಮೊಣಕಾಲು ನೋವಿನವರು ನಗರ ಬಸ್ ನಿಲ್ದಾಣದಿಂದ 201ನೇ ನಂಬರಿನ ಬಸ್ಸಿನಲ್ಲಿ ಮೇಲೆ ಹೋಗಿ, ನಂದಿಯವರೆಗೆ ಇಳಿದು ಬರಲಿ. ದೊಡ್ಡ ದೇವರಾಜ ಒಡೆಯರ ಕಾಲದ ಆ ಏಕಶಿಲಾ ನಂದಿ ಇರುವುದು ಕೆಳಗಿನಿಂದ ಸುಮಾರು ಏಳುನೂರು ಮೆಟ್ಟಿಲ ಮೇಲೆ, ಎರಡೂ ತಂಡ ಸೇರಲು ಹೇಳಿ ಮಾಡಿಸಿದ ಜಾಗ. ಏದುಸಿರು ಬಿಡುತ್ತಾ ಹತ್ತುವಾಗ ಯಾರೂ ದೊಡ್ಡಸ್ತಿಕೆಯ ಮಾತಾಡಲಾರರು, ಸ್ನೇಹಕ್ಕೆ ಅದು ಒಳ್ಳೆಯದು. ಕರ್ನಾಟಕದ ವಿಳಾಸವಿರುವ ಹೆಂಗಸರಿಗೆ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಉಚಿತ, ಲೆಕ್ಕ ಹಂಚುವಾಗ ಮರೆಯಬೇಡಿ.

ಮೃಗಾಲಯ, ಬೃಂದಾವನ ಎರಡನ್ನೂ ಈ ಸಲ ಬಿಡಿ ಎನ್ನುತ್ತೇನೆ. 1892ರ ಮೃಗಾಲಯ ಅರ್ಧ ದಿನ ತಿನ್ನುತ್ತದೆ, ಬೃಂದಾವನಕ್ಕೆ ಹೋಗಿ ಬರಲು ಒಂದು ಸಂಜೆಯೇ ಬೇಕು. ಅದರ ಬದಲು ನಿಮ್ಮನ್ನು ಸೇರಿಸಿದ ವಿಷಯಕ್ಕೇ ಒಂದು ಗಂಟೆ ಕೊಡಿ. ಹಕ್ಕಿ ನೋಡುವವರಾದರೆ ಮುಂಜಾನೆ ಕುಕ್ಕರಹಳ್ಳಿ ಕೆರೆ ಏರಿ. ತೋಟದವರಾದರೆ ಬೀಜದ ಪೊಟ್ಟಣಗಳ ವಿನಿಮಯ. ಚೆಸ್‌ನವರಾದರೆ ಮಡಚುವ ಹಾಸೊಂದನ್ನು ಬ್ಯಾಗಿನಲ್ಲಿಟ್ಟುಕೊಳ್ಳಿ, ಗಡಿಯಾರವಿಲ್ಲದೆ ಆಡಿ.

ಸರಿಯೆನಿಸದಿದ್ದರೆ

ಊರಿನಲ್ಲಿರುವ ಒಬ್ಬರಿಗೆ ನೀವಿರುವ ಜಾಗ ಕಾಣುವಂತೆ ಮಾಡಿರಿ. ವಾಟ್ಸ್ಆ್ಯಪಿನ ಲೈವ್ ಲೊಕೇಶನ್ ಹೆಚ್ಚೆಂದರೆ ಎಂಟು ಗಂಟೆ ಮಾತ್ರ ಇರುತ್ತದೆ. ಬೆಳಿಗ್ಗೆ ಹಾಕಿ ಮರೆತರೆ ಸಂಜೆ, ಅಂದರೆ ನಿಜವಾಗಿ ಬೇಕಾದ ಹೊತ್ತಿಗೆ, ಅದು ನಿಂತಿರುತ್ತದೆ. ಊಟದ ಹೊತ್ತಿಗೊಮ್ಮೆ ಮತ್ತೆ ಹಾಕುವ ಅಭ್ಯಾಸ ಮಾಡಿಕೊಳ್ಳಿ. ‘ಅಜ್ಜಿಗೆ ಮಾತ್ರೆ ಕೊಟ್ರಾ?’ ಎಂಬಂಥ ಒಂದು ಮಾತನ್ನು ಮೊದಲೇ ಗೊತ್ತುಮಾಡಿಕೊಂಡಿದ್ದರೆ, ಆ ಸಂದೇಶ ಬಂದ ಕೂಡಲೇ ಮನೆಯವರು ಫೋನ್ ಮಾಡಿ ನಿಮ್ಮನ್ನು ಕರೆಸಿಕೊಳ್ಳುತ್ತಾರೆ. ಯಾರಾದರೂ ಹಿಂಬಾಲಿಸಿದರೆ, ಕೈ ಹಿಡಿದರೆ ನೆಪ ಹುಡುಕುತ್ತ ಕೂರಬೇಡಿ, ತುರ್ತು ಸಹಾಯದ 112ಕ್ಕೆ ಕರೆ ಮಾಡಿ.

ಹೆಚ್ಚಿನ ಸಲ ಅಂಥದ್ದೇನೂ ಇರುವುದಿಲ್ಲ. ಬರೀ ಬೇಸರ ಇರುತ್ತದೆ, ಅಥವಾ ತಲೆನೋವು. ‘ನಾನು ಹೊರಡ್ತೀನಿ, ಸೋಮವಾರ ಮಾತಾಡ್ತೀನಿ’ ಎಂದರೆ ಮುಗಿಯಿತು. ಉಳಿದವರು ‘ಏನಾಯ್ತು, ಯಾಕೆ’ ಎಂದು ಸುತ್ತುವರಿಯದೆ ಆಟೊ ಹತ್ತಿಸಿ ಬರಬೇಕು.

ಭಾನುವಾರ ಹೊರಡುವ ಮುನ್ನ ಮೈಸೂರು ಪಾಕ್ ಕೊಳ್ಳುವುದಿದ್ದರೆ ಸಯ್ಯಾಜಿರಾವ್ ರಸ್ತೆಯ ಅಂಗಡಿ ಮುಂದೆ ನಿಲ್ಲಲು ಅರ್ಧ ಗಂಟೆ ಎತ್ತಿಡಿ. ಸೋಮವಾರ ರಾತ್ರಿಯೊಳಗೆ ಆಟೊ, ಊಟದ ಲೆಕ್ಕ ಹಂಚಿ ಮುಗಿಸಿ. ಗುಂಪಿನ ಮಧ್ಯೆ ಯಾರ ಬಾಕಿಯನ್ನೂ ಎತ್ತಬೇಡಿ, ಅವರಿಗೇ ಪ್ರತ್ಯೇಕ ಸಂದೇಶ ಹಾಕಿ. ಬಾರದೆ ಉಳಿದ ಸದಸ್ಯರ ಮುಂದೆ ಇಡೀ ವಾರ ಮೈಸೂರಿನ ಒಳಮಾತು, ಒಳನಗೆ ನಡೆಸುವುದಿದ್ದರೆ ಅದಕ್ಕೆ ಬೇರೆಯೇ ಒಂದು ಗುಂಪು ಮಾಡಿಕೊಳ್ಳಿ.