ಗಿಡ ನೆಡುವ ಮೊದಲು ನೆಲ ನೋಡಿ: ಮಂಗಳೂರು, ಉಡುಪಿ ಪಾರ್ಕ್‌ಗಳನ್ನು ಸುತ್ತುವವರಿಗೆ

ಪಾರ್ಕ್ ಅಂದ್ರೆ ಹುಲ್ಲುಹಾಸು, ಬೆಂಚು, ಜಾರುಬಂಡಿ ಅಂದುಕೊಂಡು ಹೋದರೆ ನಮ್ಮ ಕರಾವಳಿಯಲ್ಲಿ ಅರ್ಧ ಕಾಣುವುದೇ ಇಲ್ಲ. ಇಲ್ಲಿ ಮರಳಿದೆ, ಮುರಕಲ್ಲಿನ ಪದವು, ಅಂದ್ರೆ ಕೆಂಪು ಕಲ್ಲಿನ ಎತ್ತರದ ಬಯಲು, ಇದೆ, ಕೆರೆ ಇದೆ, ಘಟ್ಟದ ಮರಗಳೂ ಇವೆ. ಒಂದೊಂದನ್ನೂ ನೋಡುವ ರೀತಿ ಬೇರೆ, ಕಾಪಾಡುವ ರೀತಿಯೂ ಬೇರೆ.

ಶುರು ಮಾಡಲು ಮಂಗಳೂರಿನ ವಾಮಂಜೂರಿನಲ್ಲಿರುವ ಪಿಲಿಕುಳ ನಿಸರ್ಗಧಾಮ ಒಳ್ಳೆಯದು. ಹೆಚ್ಚಿನವರು ಹುಲಿ ನೋಡಿ ವಾಪಸ್ ಬರುತ್ತಾರೆ. ನೀವು ಪಶ್ಚಿಮ ಘಟ್ಟದ ಗಿಡಮರಗಳನ್ನು ಬೆಳೆಸಿರುವ ಸಸ್ಯವನಕ್ಕೂ ಹೋಗಿ. ಒಂದು ಸಲಕ್ಕೆ ಎರಡು ಮೂರು ಮರ ಗುರುತು ಹಿಡಿದರೆ ಸಾಕು. ಎಲೆ, ತೊಗಟೆ, ಬುಡದಲ್ಲಿ ಬಿದ್ದ ಕಾಯಿ, ಈ ಮೂರರ ಫೋಟೋ ತೆಗೆದುಕೊಳ್ಳಿ. ಕಾಯಿಯನ್ನು ಮನೆಗೆ ತರಬೇಡಿ, ಅದು ಅಲ್ಲೇ ಮೊಳೆಯಬೇಕು.

ಇನ್ನು ಪದವು. ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ನಿಂತು ಎಲ್ಲರೂ ಕೆಳಗಿನ ಸ್ವರ್ಣಾ ನದಿ ನೋಡುತ್ತಾರೆ, ಕಾಲಡಿಯ ಕೆಂಪು ಕಲ್ಲನ್ನು ಯಾರೂ ನೋಡುವುದಿಲ್ಲ. ಬೇಸಿಗೆಯಲ್ಲಿ ಪದವು ಸುಟ್ಟ ಹೆಂಚಿನ ಹಾಗೆ ಕಾಣುತ್ತದೆ, ನಿಜ. ಆದರೆ ಮಳೆ ಹಿಡಿದು ಕಲ್ಲಿನ ಗುಂಡಿಗಳಲ್ಲಿ ನೀರು ನಿಂತ ಮೇಲೆ, ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ, ನಮ್ಮ ಪದವುಗಳಲ್ಲಿ ಬೆರಳುದ್ದದ ಗಿಡಗಳು ನೀಲಿ, ಬಿಳಿ ಹೂ ಬಿಟ್ಟು ನಿಲ್ಲುತ್ತವೆ. ಕೂತು, ಬೇಕಾದರೆ ಮಂಡಿಯೂರಿ ನೋಡಿ. ಅವುಗಳಲ್ಲಿ ಕೆಲವು ಹುಳ ಹಿಡಿದು ತಿನ್ನುವ ಗಿಡಗಳು! ತೆಳು ಮಣ್ಣಿನಲ್ಲಿ ಸಾರ ಸಾಲದು, ಅದಕ್ಕೇ ಈ ದಾರಿ. ಸಣ್ಣ ಅಂಟು ಹನಿ ಹೊತ್ತ ಕೆಂಪು ಎಲೆ ಕಂಡರೆ ಅದು ಡ್ರೊಸೆರಾ.

ಇಂಥ ಜಾಗವನ್ನು "ಖಾಲಿ ಜಾಗ" ಅಂತ ಗುಂಡಿ ತೋಡಿ ಅಕೇಶಿಯಾ ನೆಡುವುದು ನನಗೆ ತುಂಬಾ ಬೇಸರದ ವಿಷಯ. ನೆರಳು ಬಿತ್ತು, ತರಗೆಲೆ ಮುಚ್ಚಿತು ಅಂದ್ರೆ ಬಿಸಿಲು ಬೇಕಾದ ಈ ಪುಟ್ಟ ಗಿಡಗಳಿಗೆ ಜಾಗವೇ ಉಳಿಯುವುದಿಲ್ಲ. ಬೈಕ್ ಹತ್ತಿಸಬೇಡಿ, ನೀರು ನಿಂತ ಗುಂಡಿಗಳನ್ನು ತುಳಿಯಬೇಡಿ, ಕಲ್ಲಿನ ಒಣ ಭಾಗದಲ್ಲೇ ನಡೆಯಿರಿ.

ತಣ್ಣೀರುಬಾವಿಯ ಟ್ರೀ ಪಾರ್ಕ್‌ಗೆ ಹೋದರೆ ಪಕ್ಕದ ಕಡಲ ತೀರಕ್ಕೂ ಹೋಗ್ತೀರಿ ಅಲ್ವಾ? ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಗುರುಪುರ ನದಿ ದಾಟಿ ಬಂದರೆ ನದಿ, ಮರಳು, ಕಡಲು ಮೂರೂ ಒಂದೇ ದಿನ ಸಿಗುತ್ತವೆ. ಮರಳಿನ ಮೇಲೆ ಹಬ್ಬುವ ನೇರಳೆ ಹೂವಿನ ಅಡುಂಬು ಬಳ್ಳಿಯನ್ನು ಸುಮ್ನೆ ಕಿತ್ತು ಎಸೆಯಬೇಡಿ, ಗಾಳಿಗೆ ಮರಳು ಹಾರದಂತೆ ಹಿಡಿದಿಡುವುದು ಅದೇ. ನಮ್ಮ ಕರಾವಳಿಗೆ ಕಡಲಾಮೆಗಳು ಚಳಿಗಾಲದಲ್ಲಿ ಮೊಟ್ಟೆ ಇಡಲು ಬರುತ್ತವೆ. ಮರಿಗಳು ಬೆಳಕಿನ ಕಡೆ ಹರಿಯುತ್ತವೆ, ಹಾಗಾಗಿ ರಾತ್ರಿ ಟಾರ್ಚ್, ಬೆಂಕಿ ಬೇಡ. ಮರಳಿನಲ್ಲಿ ಆಮೆಯ ಜಾಡು ಕಂಡರೆ ಅಗೆಯದೆ ಅರಣ್ಯ ಇಲಾಖೆಗೆ ತಿಳಿಸಿ.

ಮಲ್ಪೆಯ ಸೇಂಟ್ ಮೇರಿಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಹೋದಾಗ ಲಾವಾ ಆರಿ ಆದ ಕಂಬಗಲ್ಲುಗಳ ಮೇಲೆ ಹೆಸರು ಕೆತ್ತಬೇಡಿ, ಬಾಟಲಿ ವಾಪಸ್ ತನ್ನಿ.

ನಿಮ್ಮೂರಿನ ಪದವಿನಲ್ಲಿ ಯಾರಾದರೂ ಗಿಡ ನೆಡಲು ಹೊರಟರೆ ಜಗಳ ಬೇಡ. ಮಳೆಗಾಲದಲ್ಲಿ ತೆಗೆದ ಹೂವಿನ ಫೋಟೋಗಳನ್ನು ದಿನಾಂಕ, ಜಾಗದ ಸಮೇತ ತೋರಿಸಿ. ಹಾಗೆಯೇ ಅದೇ ಸಸಿಗಳನ್ನು ನೆಡಲು ಆಳ ಮಣ್ಣಿರುವ ರಸ್ತೆ ಬದಿಯನ್ನೋ ಶಾಲೆಯ ಅಂಗಳವನ್ನೋ ಮೊದಲೇ ಹುಡುಕಿಟ್ಟಿರಿ. ಬೇರೆ ಜಾಗ ತೋರಿಸಿದರೆ ಒಪ್ಪುವವರು ಜಾಸ್ತಿ.